ವಾಸನೆ ಕದ್ದ ಕಳ್ಳನ ಜಾಡು

2020ರ ಮಾರ್ಚ್ 26. ದೇಶಕ್ಕೆ ಬೀಗ ಬಿದ್ದು ಎರಡನೇ ದಿನ. ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರನಿಗೆ ಕೊರೊನಾ ತಗುಲಿರುವುದು ಖಚಿತವಾಯಿತು. ಆತ ವಿದೇಶಕ್ಕೆ ಹೋಗಿಬಂದವನಲ್ಲ. ಸೋಂಕು ಎಲ್ಲಿಂದ ಬಂತೆಂದು ಯಾರಿಗೂ ಬಗೆಹರಿಯಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರು, ಅವರ ಮನೆಯವರು ಎಂದು ಪಟ್ಟಿ ದಿನದಿನಕ್ಕೆ ಉದ್ದವಾಯಿತು. ಕಾರ್ಖಾನೆಯ ಸಾವಿರಕ್ಕೂ ಹೆಚ್ಚು ಮಂದಿ ಮನೆಯೊಳಗೇ ಬಂದಿಯಾದರು, ಊರಿನ ದಾರಿಗಳು ಮುಚ್ಚಿದವು. ಆಶಾ ಕಾರ್ಯಕರ್ತೆಯರು ಸುಡುಬಿಸಿಲಲ್ಲಿ ಬಾಗಿಲು ಬಾಗಿಲು ತಟ್ಟಿದರು. ಕಪಿಲೆಯ ದಂಡೆಯ ಬೀದಿಗಳಲ್ಲಾಗಲಿ, ಆಚೆ ತಿರುಮಕೂಡಲು, ಮೂಗೂರಿನ ಕಡೆಯ ಹಳ್ಳಿಗಳಲ್ಲಾಗಲಿ ಮುಖ್ಯ ಪ್ರಶ್ನೆ ಮೂರೇ: ಜ್ವರ ಇದೆಯಾ? ಕೆಮ್ಮು? ಉಸಿರಾಡೋಕೆ ಕಷ್ಟವಾ? ಒಗ್ಗರಣೆಯ ಘಮ ಮೂಗಿಗೆ ಹತ್ತುತ್ತಿದೆಯೇ ಎಂದು ಕೇಳುವ ಸಾಲು ಸರ್ಕಾರದ ಪಟ್ಟಿಯಲ್ಲಿ ಇರಲಿಲ್ಲ. ಬೇರೆ ಹಲವು ದೊಡ್ಡ ದೇಶಗಳ ಪಟ್ಟಿಯಲ್ಲೂ ಅದು ಇನ್ನೂ ನೆಲೆ ಕಂಡಿರಲಿಲ್ಲ.

ಆ ಪ್ರಶ್ನೆ ಜೋರಾಗಿ ಎದ್ದದ್ದು ಲಂಡನ್ನಿನಲ್ಲಿ, ಅದಕ್ಕೆ ಒಂದು ವಾರ ಮೊದಲು. ಕ್ಲೇರ್ ಹಾಪ್ಕಿನ್ಸ್ ಎಂಬ ಮೂಗಿನ ತಜ್ಞೆ ಅಲ್ಲಿನ ಗೈಸ್ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಇದ್ದಕ್ಕಿದ್ದಂತೆ ವಾಸನೆ ಹೋಯಿತೆಂದು ಬರುವವರು ಅವರಲ್ಲಿಗೆ ತಿಂಗಳಿಗೆ ಒಬ್ಬರು ಬಂದರೆ ಹೆಚ್ಚು. ಆ ಒಂದೇ ವಾರದಲ್ಲಿ ನಾಲ್ವರು ಬಂದರು. ನಾಲ್ವರೂ 40 ದಾಟದವರು. ಜ್ವರವಿಲ್ಲ, ಕೆಮ್ಮಿಲ್ಲ. ನೆಗಡಿಯಾದಾಗ ವಾಸನೆ ಹೋಗುವುದು ಹೊಸದಲ್ಲ, ಕಟ್ಟಿದ ಮೂಗಿನಲ್ಲಿ ಗಾಳಿಯೇ ಮೇಲಕ್ಕೆ ಏರುವುದಿಲ್ಲ. ಇಲ್ಲಿ ಬಂದಿದ್ದ ಕಾಯಿಲೆಯ ವಿಚಿತ್ರವೆಂದರೆ ಮೂಗು ಸಲೀಸಾಗಿ ಉಸಿರಾಡುತ್ತಿತ್ತು, ವಾಸನೆ ಮಾತ್ರ ಯಾರೋ ಗುಂಡಿ ಒತ್ತಿ ಆರಿಸಿದಂತೆ ಹೋಗಿತ್ತು.

ನಾಲ್ಕು ರೋಗಿಗಳನ್ನು ನಂಬಿ ಯಾರೂ ದೇಶದ ನೀತಿ ಬದಲಿಸುವುದಿಲ್ಲ. ಹಾಪ್ಕಿನ್ಸ್ ಬೇರೆ ಊರುಗಳ ಸುದ್ದಿ ಕೂಡಿಸಿದರು. ಇಟಲಿಯ ಮೂಗಿನ ವೈದ್ಯರು ಇದನ್ನೇ ಹೇಳುತ್ತಿದ್ದರು. ಇರಾನಿನಲ್ಲಿ ವಾಸನೆ ಹೋದವರ ಸಂಖ್ಯೆ ಒಮ್ಮೆಗೇ ಏರಿತ್ತು. ದಕ್ಷಿಣ ಕೊರಿಯಾದಲ್ಲಿ ಸೌಮ್ಯ ಸೋಂಕಿನವರಲ್ಲಿ ಸುಮಾರು 30 ಶೇಕಡ ಮಂದಿಗೆ ಇದೇ ಮುಖ್ಯ ದೂರು. ಜರ್ಮನಿಯಲ್ಲಿ ಹೆಂಡ್ರಿಕ್ ಸ್ಟ್ರೀಕ್ ಎಂಬ ವೈರಾಣು ತಜ್ಞ ಸೋಂಕಿತರ ಮನೆಮನೆಗೆ ಹೋಗಿ ಕೂತು ಮಾತಾಡಿಸಿದ್ದ. ನೂರಕ್ಕೂ ಹೆಚ್ಚು ಮಂದಿಯಲ್ಲಿ ಮೂರನೇ ಎರಡು ಪಾಲು ಜನ ವಾಸನೆ, ರುಚಿ ಕಳೆದುಕೊಂಡಿದ್ದರು. ಮಗುವಿನ ಡೈಪರು ತುಂಬಿದ್ದೇ ತನಗೆ ಗೊತ್ತಾಗಲಿಲ್ಲ ಎಂದು ಒಬ್ಬ ತಾಯಿ ಅವನಿಗೆ ಹೇಳಿದ್ದಳು. ಇಂಥ ಸಾಕ್ಷಿ ಯಾವ ಯಂತ್ರದಿಂದಲೂ ಸಿಗುವಂಥದ್ದಲ್ಲ.

ಮಾರ್ಚ್ 20ರಂದು ಹಾಪ್ಕಿನ್ಸ್ ಮತ್ತು ಬ್ರಿಟನ್ನಿನ ಕಿವಿ-ಮೂಗು-ಗಂಟಲು ವೈದ್ಯರ ಸಂಘದ ಅಧ್ಯಕ್ಷ ನಿರ್ಮಲ್ ಕುಮಾರ್ ಸೇರಿ ಒಂದು ಪತ್ರ ಹೊರಡಿಸಿದರು. ಬೇರೇನೂ ತೊಂದರೆ ಇಲ್ಲದೆ ವಾಸನೆಯೊಂದೇ ಹೋದವರೂ ಸೋಂಕಿತರಿರಬಹುದು, ಅವರನ್ನು ಏಳು ದಿನ ಮನೆಯಲ್ಲಿ ಇರಿಸಿ ಎಂಬುದು ಪತ್ರದ ಸಾರ. ಅದರ ಹಿಂದೆ ಅವಸರಕ್ಕೆ ಕಾರಣವಿತ್ತು. ಮೂಗಿನೊಳಗೆ ಇಣುಕುವುದೇ ಈ ವೈದ್ಯರ ಕೆಲಸ. ರಕ್ಷಣಾ ಉಡುಪಿಲ್ಲದೆ ಇಣುಕಿದವರೇ ಮೊದಲು ಹಾಸಿಗೆ ಹಿಡಿಯುತ್ತಿದ್ದರು. ಪತ್ರಿಕೆಗಳು ಸುದ್ದಿಯನ್ನು ದೊಡ್ಡದಾಗಿ ಹಾಕಿದವು. ಆರೋಗ್ಯ ಇಲಾಖೆಗಳು ಮಾತ್ರ ಪುರಾವೆ ಸಾಲದು ಎಂದವು.

ಪುರಾವೆ ಎಂದು ಎಲ್ಲರೂ ತೆರೆದು ನೋಡುತ್ತಿದ್ದದ್ದು ವೂಹಾನಿನ ಲೆಕ್ಕವನ್ನು. ಅಲ್ಲಿನ ನರರೋಗ ವೈದ್ಯರು ಜನವರಿ, ಫೆಬ್ರವರಿಯಲ್ಲಿ ದಾಖಲಾದ 214 ರೋಗಿಗಳ ಕಡತ ತಿರುವಿ, 36.4 ಶೇಕಡ ಮಂದಿಯಲ್ಲಿ ತಲೆಸುತ್ತು, ಪ್ರಜ್ಞೆ ಮಂಕಾಗುವುದು, ಪಾರ್ಶ್ವವಾಯು ಮುಂತಾದ ನರಸಂಬಂಧಿ ತೊಂದರೆ ಕಂಡಿದ್ದರು. ಶ್ವಾಸಕೋಶದ ರೋಗವೆಂದು ತಿಳಿದದ್ದು ಮಿದುಳನ್ನೂ ಮುಟ್ಟುತ್ತಿದೆ ಎಂದು ಜಗತ್ತಿಗೆ ಮೊದಲು ಗಟ್ಟಿಯಾಗಿ ಹೇಳಿದ ಅಧ್ಯಯನ ಅದು. ಆದರೆ ಅದರಲ್ಲಿ ವಾಸನೆ ಹೋದವರು ಬರೀ 5.1 ಶೇಕಡ. ಸ್ಟ್ರೀಕ್ ಕಂಡದ್ದೆಲ್ಲಿ, ಇದೆಲ್ಲಿ! ಗುಟ್ಟು ಸರಳವಾಗಿತ್ತು. ವೂಹಾನಿನವರು ನೋಡಿದ್ದು ಹಳೆಯ ಕಡತ. ಉಸಿರಿಗೆ ಒದ್ದಾಡುವವನನ್ನು ವಾಸನೆಯ ಬಗ್ಗೆ ಕೇಳುವವರಾರು, ಕೇಳದ್ದನ್ನು ಬರೆದಿಡುವವರಾರು?

ಟೆಹರಾನಿನ ಆಸ್ಪತ್ರೆಯೊಂದು ಕೇಳುವುದನ್ನೂ ಬಿಟ್ಟು ಪರೀಕ್ಷೆಗೇ ಇಳಿಯಿತು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಡೋಟಿ ದಶಕಗಳ ಹಿಂದೆ ರೂಪಿಸಿದ್ದ ಒಂದು ಪುಸ್ತಿಕೆ ಇತ್ತು. ಪುಟದ ಪಟ್ಟಿಯನ್ನು ಉಗುರಿನಿಂದ ಗೀರಿ ಮೂಸಿ, ಯಾವ ವಾಸನೆಯೆಂದು ಗುರುತು ಹಾಕಬೇಕು. ಒಟ್ಟು 40 ವಾಸನೆ. ಮನೆಗೆ ಹೊರಡಲಿದ್ದ 60 ಕೊರೊನಾ ರೋಗಿಗಳ ಕೈಗೆ ಅದನ್ನು ಕೊಟ್ಟರು. 59 ಮಂದಿಯ ಮೂಗು ಎಡವಿತು. ಆ 60ರಲ್ಲಿ ತಮಗೆ ತೊಂದರೆಯಾಗಿದೆ ಎಂದು ತಾವಾಗಿ ಹೇಳಿದ್ದವರು 35 ಶೇಕಡ ಮಾತ್ರ. ಮುಂದೆ ಪುಣೆಯಲ್ಲಿ ನಿಕ್ಸನ್ ಅಬ್ರಹಾಂ ಅವರ ತಂಡ ವಾಸನೆಯನ್ನು ಅಳೆದು ಕೊಡುವ ಯಂತ್ರವನ್ನೇ ಕಟ್ಟಿ ನೋಡಿದಾಗಲೂ ಕಂಡದ್ದು ಇದೇ: ನನಗೇನೂ ಆಗಿಲ್ಲ ಎನ್ನುತ್ತಿದ್ದ ಸೋಂಕಿತರಲ್ಲೇ ಬಹುಪಾಲು ಮಂದಿಯ ಮೂಗು ಮಂದವಾಗಿತ್ತು. ಕಣ್ಣು ಮಂಜಾದರೆ ಮನುಷ್ಯ ಆ ಕ್ಷಣವೇ ಗಾಬರಿಯಾಗುತ್ತಾನೆ. ಮೂಗು ಕೈಕೊಟ್ಟರೆ ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ಮನೆಯವರ ಮೇಲೆ ರೇಗುತ್ತಾನೆ, ಅಷ್ಟೇ.

ಬ್ರಿಟನ್ ಕೊನೆಗೆ ಮೇ 18ರಂದು ವಾಸನೆ ಹೋಗುವುದನ್ನು ಲಕ್ಷಣಗಳ ಪಟ್ಟಿಗೆ ಸೇರಿಸಿತು. ಭಾರತ ಸೇರಿಸಿದ್ದು ಜೂನ್ 13ಕ್ಕೆ. ಅಷ್ಟು ಹೊತ್ತಿಗೆ ಮೈಸೂರು ಜಿಲ್ಲೆಯ ಮೊದಲ ಅಲೆಯೇ ಮುಗಿದಿತ್ತು. ನಂಜನಗೂಡಿನವರೇ ಹೆಚ್ಚಿದ್ದ 90 ಸೋಂಕಿತರೂ ಮೇ ಮಧ್ಯದಲ್ಲೇ ಗುಣವಾಗಿ ಮನೆ ಸೇರಿದ್ದರು. ಮಲ್ಲಿಗೆ ಅರಳುವ ಕಾಲದಲ್ಲಿ ಬಂದು ಹೋದ ಕಾಯಿಲೆ ಅವರಲ್ಲಿ ಎಷ್ಟು ಜನರ ಮೂಗಿನಿಂದ ಮಲ್ಲಿಗೆಯನ್ನು ಕದ್ದಿತ್ತೋ, ಲೆಕ್ಕವಿಟ್ಟವರಿಲ್ಲ.

ಕಳುವಾದದ್ದು ಅಂತೂ ಖಚಿತವಾಯಿತು. ಕದ್ದದ್ದು ಹೇಗೆ ಎಂಬುದು ಮುಂದಿನ ಪ್ರಶ್ನೆ, ಅದು ಮೊದಲಿನದಕ್ಕಿಂತ ಭಯಂಕರವಾಗಿತ್ತು. ಮೂಗಿನ ಮೇಲ್ಛಾವಣಿಯಲ್ಲಿ ಅಂಚೆಚೀಟಿಯಷ್ಟಗಲದ ಒಂದು ಪೊರೆ ಇದೆ. ವಾಸನೆ ಹಿಡಿಯುವ ನರಕೋಶಗಳ ತುದಿ ಅಲ್ಲಿ ಗಾಳಿಗೆ ಒಡ್ಡಿಕೊಂಡಿರುತ್ತದೆ. ಅವುಗಳ ಬಾಲ ತಲೆಬುರುಡೆಯ ಸಣ್ಣ ಸಣ್ಣ ತೂತುಗಳ ಮೂಲಕ ನೇರವಾಗಿ ಮಿದುಳಿನ ಘ್ರಾಣಗಡ್ಡೆಗೆ ಏರುತ್ತದೆ. ಹೊರಗಿನ ಗಾಳಿಗೂ ಮಿದುಳಿಗೂ ನಡುವೆ ಇಷ್ಟು ಹತ್ತಿರದ ಹಾದಿ ದೇಹದಲ್ಲಿ ಮತ್ತೊಂದಿಲ್ಲ. ವಾಸನೆ ಹೋಗಿದೆಯೆಂದರೆ ವೈರಸ್ ಆ ನರಕೋಶಗಳನ್ನು ಹೊಕ್ಕಿದೆ, ಹೊಕ್ಕಿದೆಯೆಂದರೆ ಮಿದುಳಿನ ಬಾಗಿಲಲ್ಲೇ ನಿಂತಿದೆ. ಪಾರ್ಶ್ವವಾಯು, ಮಂಕು, ಮರೆವು ಎಲ್ಲಕ್ಕೂ ಇದೇ ಮೂಲವಾಗಿರಬೇಕು. ಆ ಬೇಸಿಗೆಯಲ್ಲಿ ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಹರಡಿದ ಭಯ ಇದು.

ಭಯಕ್ಕೆ ಇತಿಹಾಸವೂ ಇತ್ತು, ಆ ಇತಿಹಾಸದಲ್ಲಿ ಒಂದು ದೊಡ್ಡ ಪ್ರಮಾದವೂ ಇತ್ತು. 1930ರ ದಶಕದಲ್ಲಿ ಪೋಲಿಯೊ ಮೂಗಿನಿಂದಲೇ ಮಿದುಳಿಗೆ ಏರುತ್ತದೆ ಎಂಬುದು ಪಂಡಿತರ ಮತ. ಪ್ರಯೋಗದ ಕೋತಿಗಳಲ್ಲಿ ಅದು ನಿಜವೂ ಆಗಿತ್ತು. ಮೂಗಿನ ಮೇಲ್ಛಾವಣಿಗೆ ಸತುವಿನ ಸಲ್ಫೇಟ್ ಸಿಂಪಡಿಸಿದರೆ ಕೋತಿಗಳು ಬದುಕುತ್ತಿದ್ದವು. 1937ರಲ್ಲಿ ಕೆನಡಾದ ಟೊರಾಂಟೊದಲ್ಲಿ ಪೋಲಿಯೊ ಎದ್ದಾಗ ವೈದ್ಯರು ಸುಮಾರು 5,000 ಮಕ್ಕಳ ತಲೆ ಹಿಂದಕ್ಕೆ ಬಾಗಿಸಿ ಅದೇ ಔಷಧವನ್ನು ಮೂಗಿನೊಳಕ್ಕೆ ಚಿಮ್ಮಿಸಿದರು. ಪೋಲಿಯೊ ತಡೆಯಲಿಲ್ಲ. ಹಲವು ಮಕ್ಕಳ ವಾಸನೆ ಹೋಯಿತು, ಕೆಲವರಿಗೆ ಮರಳಲೇ ಇಲ್ಲ. ನಾಲ್ಕು ವರ್ಷದ ಮೇಲೆ ಆಲ್ಬರ್ಟ್ ಸೇಬಿನ್ ಪೋಲಿಯೊದಿಂದ ಸತ್ತವರ ದೇಹಗಳನ್ನು ಭಾಗ ಭಾಗವಾಗಿ ಪರೀಕ್ಷಿಸಿದ. ವೈರಸ್ ಕರುಳಿನಲ್ಲಿತ್ತು, ಘ್ರಾಣಗಡ್ಡೆಯಲ್ಲಿ ಇರಲಿಲ್ಲ. ಕೋತಿ ಹೇಳಿದ್ದು ಕೋತಿಯ ಸತ್ಯ. ಮನುಷ್ಯನ ಸತ್ಯ ಬೇಕಿದ್ದರೆ ಮನುಷ್ಯನಲ್ಲೇ ಹುಡುಕಬೇಕಿತ್ತು.

ಈ ಪಾಠ ಗೊತ್ತಿದ್ದವರಿಗೂ 2020ರಲ್ಲಿ ನೆಮ್ಮದಿ ಇರಲಿಲ್ಲ. ಅಯೋವಾದ ಸ್ಟ್ಯಾನ್ಲಿ ಪರ್ಲ್‌ಮನ್ ಮತ್ತು ಸಂಗಡಿಗರು 2008ರಲ್ಲೇ ಒಂದು ಕೆಟ್ಟ ಸುದ್ದಿ ಪ್ರಕಟಿಸಿದ್ದರು. ಮನುಷ್ಯನ ಎಸಿಇ-2 ಪ್ರೋಟೀನು ಅಳವಡಿಸಿದ ಇಲಿಗಳ ಮೂಗಿಗೆ ಹಳೆಯ ಸಾರ್ಸ್ ವೈರಸ್ ಹಾಕಿದರೆ ಅದು ಘ್ರಾಣಗಡ್ಡೆಯ ದಾರಿ ಹಿಡಿದು ಮಿದುಳನ್ನೇ ಸೇರುತ್ತಿತ್ತು. ಹೊಸ ವೈರಸ್ಸೂ ಜೀವಕೋಶದೊಳಗೆ ಹೋಗಲು ತೆಗೆಯುವ ಬೀಗ ಅದೇ ಎಸಿಇ-2.

ಬಾಸ್ಟನ್ನಿನ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಂದೀಪ್ ರಾಬರ್ಟ್ ದತ್ತಾ ವಾಸನೆಯ ನರವಿಜ್ಞಾನಿ, ವೈರಸ್ಸಿನ ಪಂಡಿತರಲ್ಲ. ಮಾರ್ಚಿನಲ್ಲಿ ಪ್ರಯೋಗಶಾಲೆಗಳು ಮುಚ್ಚಿದವು. ಆದರೆ ಘ್ರಾಣಪೊರೆಯ ಒಂದೊಂದು ಜೀವಕೋಶದಲ್ಲೂ ಯಾವ ಯಾವ ಜೀನು ಎಚ್ಚರವಾಗಿದೆ ಎಂಬ ದೊಡ್ಡ ದತ್ತಾಂಶ ಕಂಪ್ಯೂಟರಿನಲ್ಲಿತ್ತು. ಡೇವಿಡ್ ಬ್ರ್ಯಾನ್, ತತ್ಸುಯಾ ತ್ಸುಕಹಾರ ಎಂಬ ಯುವಕರೊಡನೆ ದತ್ತಾ ಅದರಲ್ಲಿ ಎಸಿಇ-2 ಹುಡುಕಲು ಕೂತರು. ನರಕೋಶದಲ್ಲಿ ಸಿಗಬೇಕಿತ್ತು. ಸಿಗಲಿಲ್ಲ. ಸಾವಿರಾರು ನರಕೋಶಗಳಲ್ಲಿ ಆ ಬೀಗವೇ ಇರಲಿಲ್ಲ. ಇದ್ದದ್ದು ಪಕ್ಕದ ಕೋಶಗಳಲ್ಲಿ: ಸಸ್ಟೆಂಟಾಕ್ಯುಲರ್ ಎಂದು ಕರೆಯುವ ಆಸರೆ ಕೋಶಗಳಲ್ಲಿ. ನರಕೋಶಗಳನ್ನು ಎತ್ತಿ ನಿಲ್ಲಿಸುವುದು, ಸುತ್ತಲಿನ ಲವಣ-ನೀರಿನ ಹದ ಕಾಯುವುದು ಅವುಗಳ ಕೆಲಸ. ಪಠ್ಯಪುಸ್ತಕದಲ್ಲಿ ಒಂದು ವಾಕ್ಯಕ್ಕಿಂತ ಹೆಚ್ಚು ಜಾಗ ಅವಕ್ಕೆ ಸಿಗುತ್ತಿರಲಿಲ್ಲ. ಇದೆಲ್ಲ ಜುಲೈನಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ತಿಂಗಳು ಫ್ರಾನ್ಸಿನ ತಂಡವೊಂದು ಹ್ಯಾಮ್‌ಸ್ಟರ್‌ಗಳಿಗೆ ಸೋಂಕು ಹಾಕಿ ನೋಡಿತು: ಎರಡೇ ದಿನದಲ್ಲಿ ಘ್ರಾಣಪೊರೆ ಚಕ್ಕೆಚಕ್ಕೆಯಾಗಿ ಕಳಚುತ್ತಿತ್ತು, ವೈರಸ್ ಆಸರೆ ಕೋಶಗಳಲ್ಲಿತ್ತು.

ಕತೆ ಇಲ್ಲಿಗೇ ಮುಗಿಯಬಹುದಿತ್ತು. ಮುಗಿಯಲು ಬರ್ಲಿನ್ ಬಿಡಲಿಲ್ಲ. ನವೆಂಬರಿನಲ್ಲಿ ಅಲ್ಲಿನ ಶಾರಿಟೆ ಆಸ್ಪತ್ರೆಯ ರೋಗಶಾಸ್ತ್ರಜ್ಞರು ಕೊರೊನಾದಿಂದ ಸತ್ತ 33 ಮಂದಿಯ ಶವಪರೀಕ್ಷೆಯ ವರದಿ ಕೊಟ್ಟರು. ಮೂಗಿನ ಪೊರೆಯಲ್ಲಿ ವೈರಸ್, ಅಲ್ಲಿನ ನರಗಳ ಬಳಿಯಲ್ಲೂ ವೈರಸ್. ಮಿದುಳಿಗೆ ಅದೇ ಹಾದಿಯಾಗಿರಬಹುದು ಎಂದರು. ಪ್ಯಾರಿಸಿನ ಪಾಸ್ಟರ್ ಸಂಸ್ಥೆಯವರೂ ನರಕೋಶದಲ್ಲಿ ವೈರಸ್ ಕಂಡೆವು ಎಂದರು. ಕಂಪ್ಯೂಟರು ಒಂದು ಹೇಳಿತು, ಹ್ಯಾಮ್‌ಸ್ಟರ್ ಅದಕ್ಕೆ ತಲೆಯಾಡಿಸಿತು, ಶವಗಳು ಬೇರೆಯೇ ಹೇಳುತ್ತಿದ್ದವು. ಶವಗಳ ಮಾತಿನಲ್ಲೂ ಒಂದು ತೊಡಕಿತ್ತು. ಹೆಚ್ಚಿನವರು ತೀವ್ರ ನಿಗಾ ಘಟಕದಲ್ಲಿ ವಾರಗಟ್ಟಲೆ ಇದ್ದು ಸತ್ತವರು. ಅಷ್ಟು ಹೊತ್ತಿಗೆ ಮೂಗಿನ ವೈರಸ್ ಕೆಲಸ ಮುಗಿಸಿ ಹೊರಟಿರುತ್ತಿತ್ತು. ಅದೂ ಅಲ್ಲದೆ ಸತ್ತು ಬಹಳ ಹೊತ್ತಾದ ಮೇಲೆ ತೆಗೆದ ಆ ನಾಜೂಕು ಪೊರೆಯಲ್ಲಿ ಯಾವ ಕೋಶ ಯಾವುದೆಂದು ಹೇಳುವುದೇ ಕಷ್ಟ.

ಈ ತೊಡಕು ಬಿಡಿಸಲು ಹೊರಟ ಪೀಟರ್ ಮೊಂಬಾರ್ಟ್ಸ್ ಹಟವಾದಿ. ಹುಟ್ಟಿದ್ದು ಬೆಲ್ಜಿಯಂ, ವಾಸನೆಯ ವಿದ್ಯೆ ಕಲಿತದ್ದು ನ್ಯೂಯಾರ್ಕಿನ ರಿಚರ್ಡ್ ಆಕ್ಸೆಲ್ ಬಳಿ. ವಾಸನೆಯ ಗ್ರಾಹಕ ಜೀನುಗಳನ್ನು ಕಂಡುಹಿಡಿದು 2004ರಲ್ಲಿ ಲಿಂಡಾ ಬಕ್ ಜೊತೆ ನೊಬೆಲ್ ಪಡೆದವರೇ ಈ ಆಕ್ಸೆಲ್. ಫ್ರಾಂಕ್‌ಫರ್ಟಿನ ಮ್ಯಾಕ್ಸ್ ಪ್ಲಾಂಕ್ ಘಟಕದ ಮುಖ್ಯಸ್ಥನಾಗಿದ್ದ ಮೊಂಬಾರ್ಟ್ಸ್‌ಗೆ ಬೇಕಿದ್ದದ್ದು ಇಂಥ ಅಂಗಾಂಶ: ಸೋಂಕು ತಗುಲಿ ಕೆಲವೇ ದಿನಗಳಲ್ಲಿ ಸತ್ತವರದು, ಸತ್ತ ಒಂದೆರಡು ಗಂಟೆಯೊಳಗೆ ತೆಗೆದದ್ದು, ಜೊತೆಗೆ ಘ್ರಾಣಗಡ್ಡೆ ಇಡಿಯಾಗಿ. ಅದು ಸುಲಭವಾಗಿ ಸಿಗುವಂಥದ್ದಲ್ಲ. ತಾನು ಓದಿದ ಊರಾದ ಲೂವೆನ್ನಿನ ಆಸ್ಪತ್ರೆಯತ್ತ ತಿರುಗಿದ. ಅಲ್ಲಿ ಲಾರಾ ವಾನ್ ಗರ್ವೆನ್ ಎಂಬ ಮೂಗಿನ ಶಸ್ತ್ರವೈದ್ಯೆ ಇದ್ದರು. ತಲೆಬುರುಡೆ ಒಡೆಯದೆ, ಮೂಗಿನ ಹೊಳ್ಳೆಯಿಂದಲೇ ಎಂಡೊಸ್ಕೋಪು ತೂರಿಸಿ ಬುರುಡೆಯ ತಳದ ಗಡ್ಡೆಗಳನ್ನು ತೆಗೆಯುವುದು ಅವರ ಕಸುಬು. ಅದೇ ಕೈಚಳಕ ಇಲ್ಲಿಯೂ ನಡೆದೀತೆಂದು ಇಬ್ಬರೂ ಲೆಕ್ಕ ಹಾಕಿದರು. ಶವಾಗಾರಕ್ಕೆ ಸಾಗಿಸುವಷ್ಟು ಪುರುಸೊತ್ತಿಲ್ಲ, ಹಾಸಿಗೆಯ ಬದಿಯಲ್ಲೇ ಕೆಲಸ ಮುಗಿಯಬೇಕು.

ಹಗಲು ರಾತ್ರಿಯೆನ್ನದೆ ತಂಡ ಕರೆಗೆ ಕಾದಿತು. ಸಾವಿನ ಸುದ್ದಿ ಬಂದರೆ ಹೊರಡಬೇಕು. ಜನ ಆ ಕೋಣೆಗಳಿಂದ ದೂರ ಓಡುತ್ತಿದ್ದ ಕಾಲ ಅದು, ಲಸಿಕೆ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಇವರು ಅಲ್ಲಿಗೇ ಹೋಗಿ, ವೈರಸ್ಸಿನ ಗೂಡಿನೊಳಕ್ಕೇ ಉಪಕರಣ ಇಳಿಸಿದರು. ಕೆಳಗಿನ ಪೊರೆಯ ಒಂದು ತುಣುಕು, ಮೇಲಿನ ಘ್ರಾಣಪೊರೆಯ ಒಂದು ತುಣುಕು, ಕೊನೆಗೆ ಬುರುಡೆಯ ತೂತುಗಳಾಚೆಯಿಂದ ಘ್ರಾಣಗಡ್ಡೆ.  ಮಾಡುತ್ತ ಮಾಡುತ್ತಲೇ ಕಲಿತರು. ಒಬ್ಬರಲ್ಲ ಇಬ್ಬರಲ್ಲ, ಬೇರೆ ಕಾರಣಕ್ಕೆ ಸತ್ತು ಹೋಲಿಕೆಗೆಂದು ಸೇರಿಸಿದವರೂ ಕೂಡಿ 85 ಮಂದಿ. ಸೋಂಕಿನ ಕತೆಗಳಲ್ಲಿ ಲಸಿಕೆ ಕಂಡುಹಿಡಿದವರ ಹೆಸರು ಉಳಿಯುತ್ತದೆ. ಈ ಮಂದಿಯ ದುಡಿಮೆಯೂ ಆ ಸಾಲಿಗೆ ಸೇರಬೇಕಾದ್ದೇ.

ಫ್ರಾಂಕ್‌ಫರ್ಟಿನಲ್ಲಿ ಮೋನಾ ಖಾನ್ ಆ ತುಣುಕುಗಳನ್ನು ತೆಳುವಾಗಿ ಹೆರೆದು, ವೈರಸ್ಸಿನ ಆರ್‌ಎನ್‌ಎಗೆ ಒಂದು ಬಣ್ಣ, ನರಕೋಶಕ್ಕೆ ಒಂದು ಬಣ್ಣ, ಆಸರೆ ಕೋಶಕ್ಕೆ ಇನ್ನೊಂದು ಬಣ್ಣ ಹೊಳೆಯುವಂತೆ ಮಾಡಿ ಸೂಕ್ಷ್ಮದರ್ಶಕದಡಿ ಇಟ್ಟರು. ಹೆಚ್ಚಿನವರಲ್ಲಿ ವೈರಸ್ ಹೋಗಿಬಿಟ್ಟಿತ್ತು. ಕೆಲವರಲ್ಲಿ ಮಾತ್ರ, ಸೋಂಕಾಗಿ ಕೆಲವೇ ದಿನಕ್ಕೆ ಸತ್ತವರಲ್ಲಿ, ಕಳ್ಳ ಮನೆಯೊಳಗಿರುವಾಗಲೇ ಸಿಕ್ಕಿಬಿದ್ದ. ಬಣ್ಣಗಳು ಕೂಡಿದ್ದು ಆಸರೆ ಕೋಶಗಳಲ್ಲಿ. ನರಕೋಶವೊಂದರಲ್ಲೂ ಸೋಂಕಿನ ಗುರುತು ಸಿಗಲಿಲ್ಲ. ಘ್ರಾಣಗಡ್ಡೆಯ ಹೊರಪೊರೆಯಲ್ಲಿ ಅಲ್ಲಲ್ಲಿ ವೈರಸ್ಸಿನ ಆರ್‌ಎನ್‌ಎ ಇತ್ತು, ಒಳತಿರುಳು ಸ್ವಚ್ಛ. 2021ರ ನವೆಂಬರಿನಲ್ಲಿ ಸೆಲ್ ಪತ್ರಿಕೆ ಇದನ್ನು ಪ್ರಕಟಿಸಿತು. 80 ವರ್ಷದ ಹಿಂದೆ ಸೇಬಿನ್ ಪೋಲಿಯೊದ ಬಗ್ಗೆ ಹೇಳಿದ್ದ ಮಾತನ್ನೇ ಘ್ರಾಣಗಡ್ಡೆ ಮತ್ತೊಮ್ಮೆ ಹೇಳಿತ್ತು.

ಒಂದು ಎಳೆ ಇನ್ನೂ ಬಿಚ್ಚಿರಲಿಲ್ಲ. ನರಕೋಶ ಬದುಕಿದ್ದರೆ ಮೂಗು ಮೂಕವಾದದ್ದೇಕೆ? ಉತ್ತರ ಆಕ್ಸೆಲ್‌ನ ಇನ್ನೊಬ್ಬ ಶಿಷ್ಯನಿಂದ ಬಂತು. ಮನುಷ್ಯನಿಗೆ ಸುಮಾರು 400 ಬಗೆಯ ಘ್ರಾಣಗ್ರಾಹಕಗಳಿವೆ, ಒಂದು ನರಕೋಶ ಅದರಲ್ಲಿ ಒಂದನ್ನು ಮಾತ್ರ ತೊಡುತ್ತದೆ. ಹಾಗೆ ಆಯ್ದುಕೊಳ್ಳಲು ಕೋಶಕೇಂದ್ರದಲ್ಲಿ ಬೇರೆ ಬೇರೆ ವರ್ಣತಂತುಗಳು ಒಂದು ಕಡೆ ಬಂದು ಕೂಡಬೇಕು. ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟಾವ್ರೋಸ್ ಲೊಮ್ವಾರ್ದಾಸ್ ಜೀವನವಿಡೀ ಓದಿದ್ದು ಈ ಕೂಟವನ್ನೇ. 2022ರ ಫೆಬ್ರವರಿಯಲ್ಲಿ ಮರಿಯಾನ್ನಾ ಜಾಜಿಟ್ಸ್ಕ ಮತ್ತು ಸಂಗಡಿಗರೊಡನೆ ಆತ ತೋರಿಸಿದ: ಪಕ್ಕದ ಕೋಶಗಳಿಗೆ ಸೋಂಕಾದಾಗ, ತನಗೆ ಸೋಂಕಿಲ್ಲದ ನರಕೋಶದೊಳಗೂ ಆ ಕೂಟ ಚದುರುತ್ತದೆ, ಗ್ರಾಹಕಗಳ ತಯಾರಿ ನಿಲ್ಲುತ್ತದೆ. ಹ್ಯಾಮ್‌ಸ್ಟರ್‌ಗಳಲ್ಲಿ ಹೀಗೆ, ಸತ್ತ ಮನುಷ್ಯರ ಮೂಗಿನಲ್ಲೂ ಹೀಗೆಯೇ.

ಮಿದುಳಿನ ಉಳಿದ ತೊಂದರೆಗಳಲ್ಲೂ, ಒಳಹೊಗದೆಯೇ ಕೆಡಿಸುವ ಇದೇ ಚಾಳಿ ಕಾಣತೊಡಗಿತ್ತು. ಲೂಧಿಯಾನದಲ್ಲಿ ವೈದ್ಯಕೀಯ ಓದಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಸೇರಿದ್ದ ಅವೀಂದ್ರ ನಾಥ್ ಅವರ ತಂಡ, 2020ರ ಕೊನೆಗೆ, ಸತ್ತ 19 ಕೊರೊನಾ ರೋಗಿಗಳ ಮಿದುಳನ್ನು ಪರೀಕ್ಷಿಸಿ, ಅವುಗಳಲ್ಲಿ ಹಲವನ್ನು ಪ್ರಬಲ ಎಂಆರ್‌ಐಯಲ್ಲಿಟ್ಟು ನೋಡಿತ್ತು. ಸಣ್ಣ ರಕ್ತನಾಳಗಳು ಅಲ್ಲಲ್ಲಿ ಸೋರಿ ಚುಕ್ಕೆ ಕಟ್ಟಿದ್ದವು. ಆ ಚುಕ್ಕೆಗಳ ಸುತ್ತ ಎಷ್ಟು ಹುಡುಕಿದರೂ ವೈರಸ್ ಸಿಗಲಿಲ್ಲ.

ಕಂಡ ಉತ್ತರ ಚಿಕ್ಕದು. ವೀಳ್ಯದೆಲೆಯ ತೋಟದಲ್ಲಿ ಯಾರೂ ಬಳ್ಳಿಯನ್ನು ಮುಟ್ಟದೆ, ಅದು ಹಬ್ಬಿದ ಆಸರೆ ಗಿಡವನ್ನು ಕಡಿದುಬಿಟ್ಟರೆ ಏನಾದೀತೋ, ಕೊರೊನಾ ಮೂಗಿನಲ್ಲಿ ಮಾಡುವುದು ಅದನ್ನೇ. ಆಸರೆ ಕೋಶಗಳು ಬೇಗ ಮತ್ತೆ ಹುಟ್ಟುತ್ತವೆ, ಆದ್ದರಿಂದಲೇ ಬಹಳಷ್ಟು ಮಂದಿಗೆ ವಾಸನೆ ಒಂದೆರಡು ವಾರದಲ್ಲಿ ಮರಳಿತು. ಮರಳದೇ ಉಳಿದವರಿಗಾಗಿ ಜರ್ಮನಿಯ ಥಾಮಸ್ ಹ್ಯುಮೆಲ್ 2009ರಲ್ಲೇ ತೋರಿಸಿದ್ದ ಅಭ್ಯಾಸವನ್ನು ವೈದ್ಯರು ಕೈಗೆತ್ತಿಕೊಂಡರು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ದಿನಕ್ಕೆರಡು ಬಾರಿ, ಮನಸ್ಸಿಟ್ಟು ಮೂಸುವುದು. ಅದಕ್ಕೂ ಬಗ್ಗದ ಮೂಗುಗಳೂ ಇದ್ದವು. ಡ್ಯೂಕ್ ವಿಶ್ವವಿದ್ಯಾಲಯದ ಬ್ರ್ಯಾಡ್ಲಿ ಗೋಲ್ಡ್‌ಸ್ಟೀನ್ ತಂಡ 24 ಮಂದಿಯ ಘ್ರಾಣಪೊರೆಯ ಚೂರು ತೆಗೆದು ನೋಡಿತು, ಅವರಲ್ಲಿ 9 ಮಂದಿ ತಿಂಗಳುಗಳಿಂದ ವಾಸನೆ ಕಾಣದವರು. 2022ರ ಡಿಸೆಂಬರಿನಲ್ಲಿ ಫಲಿತಾಂಶ ಹೊರಬಿತ್ತು. ಆ 9 ಮಂದಿಯ ಮೂಗಿನಲ್ಲಿ ವೈರಸ್ಸಿನ ಸುಳಿವೇ ಇರಲಿಲ್ಲ. ಅದನ್ನು ಅಟ್ಟಲು ಬಂದಿದ್ದ ಟಿ-ಕೋಶಗಳು ಮಾತ್ರ ಇನ್ನೂ ಅಲ್ಲೇ ಬೀಡುಬಿಟ್ಟು ಉರಿಯೂತ ಎಬ್ಬಿಸುತ್ತಿದ್ದವು, ಅವುಗಳ ನಡುವೆ ವಾಸನೆಯ ನರಕೋಶಗಳು ವಿರಳವಾಗಿದ್ದವು.